ಪರರ ಸಂಗೀತಕ್ಕೆ ದನಿಯಾದ ನಾದಿಯಾ ಬೂಲಾಂಜೆ

ಶ್ಯಾಮ್ ಬೆನಗಲ್ ಅವರ 'ಮಂಥನ್' ಚಿತ್ರವನ್ನು ಮನೆಯಲ್ಲಿ ಮತ್ತೊಮ್ಮೆ ನೋಡುತ್ತಿದ್ದೆವು. ಅಮ್ಮನಿಗೆ ಅದರಲ್ಲಿ ಗಿರೀಶ ಕಾರ್ನಾಡರು ಇರುವುದೇ ಮುಖ್ಯ. ನನಗೆ ಟೈಟಲ್ ಕಾರ್ಡುಗಳನ್ನು ಪೂರ್ತಿ ಓದುವ ಚಟ. ಸಂಗೀತ ವನರಾಜ್ ಭಾಟಿಯಾ ಎಂದಿತ್ತು. ಮುಂಬೈಯ ಈ ಸಂಗೀತಗಾರ ಯಾರ ಬಳಿ ಕಲಿತರೆಂದು ಹುಡುಕುತ್ತಾ ಹೋದರೆ, 1950ರ ದಶಕದ ಪ್ಯಾರಿಸ್‌ನಲ್ಲಿ ಒಬ್ಬ ಅಧ್ಯಾಪಕಿಯ ಮನೆಬಾಗಿಲಿಗೆ ಬಂದು ನಿಂತೆ. ಅವರೇ ನಾದಿಯಾ ಬೂಲಾಂಜೆ. ಅವರ ಬಗ್ಗೆ ಬರೆದವರೆಲ್ಲ ದೊಡ್ಡ ಗುರು ಎಂದೇ ಬರೆಯುತ್ತಾರೆ. ಅದಕ್ಕೂ ಮೊದಲು ಅವರು ಆರ್ಗನ್ ವಾದಕಿ, ಯಾರೂ ಕೇಳದ ಹೊಸ ಕೃತಿಗಳನ್ನು ವೇದಿಕೆಗೆ ತಂದವರು. ನನಗೆ ಹೆಚ್ಚು ಹಿಡಿಸಿದ್ದು ಆ ಕಥೆ.

ನಮ್ಮ ಭಜನೆಯ ಹಾರ್ಮೋನಿಯಂ ಕಂಡವರಿಗೆ ಆರ್ಗನ್ ಪೂರ್ತಿ ಅಪರಿಚಿತವಲ್ಲ. ಎರಡಕ್ಕೂ ಗಾಳಿಯೇ ಉಸಿರು. ಹಾರ್ಮೋನಿಯಂನಲ್ಲಿ ಗಾಳಿ ಲೋಹದ ರೀಡುಗಳನ್ನು ನಡುಗಿಸುತ್ತದೆ; ಚರ್ಚುಗಳ ಆರ್ಗನ್‌ನಲ್ಲಿ ಅದು ನೂರಾರು, ಕೆಲವೆಡೆ ಸಾವಿರಾರು ಕೊಳವೆಗಳಿಗೆ ನುಗ್ಗುತ್ತದೆ. ಕೈಗಳಿಗೆ ಎರಡು ಮೂರು ಸಾಲು ಮನೆಗಳು, ಕಾಲುಗಳಿಗೆ ಇನ್ನೊಂದು ಸಾಲು. ಯಾವ ಕೊಳವೆಗಳು ನುಡಿಯಬೇಕೆಂದು ಆರಿಸಲು ಸ್ಟಾಪ್ ಎಂಬ ಗುಬುಟುಗಳು. ವಾದ್ಯವೇ ಕಟ್ಟಡದ ಭಾಗವಾದ್ದರಿಂದ ಹೊತ್ತೊಯ್ಯುವಂತಿಲ್ಲ. ಊರೂರು ತಿರುಗುವ ಕಲಾವಿದರು ಪ್ರತಿ ಊರಿನಲ್ಲೂ ಹೊಸ ವಾದ್ಯದ ಸ್ವಭಾವವನ್ನು ಸ್ವಲ್ಪ ಹೊತ್ತಿನಲ್ಲೇ ತಿಳಿದುಕೊಳ್ಳಬೇಕು. (ಬೇರೆಯವರ ಲ್ಯಾಪ್‌ಟಾಪಿನಲ್ಲಿ ಡೆಮೊ ಕೊಟ್ಟವರಿಗೆ ಈ ಸಂಕಟ ಅಷ್ಟಿಷ್ಟು ಗೊತ್ತಿರುತ್ತದೆ.)

ನಾದಿಯಾ ಹುಟ್ಟಿದ್ದು 1887ರ ಸೆಪ್ಟೆಂಬರ್ 16ರಂದು, ಪ್ಯಾರಿಸ್‌ನಲ್ಲಿ. ಅದೇ ದಿನ ಅವರ ತಂದೆ ಎರ್ನೆಸ್ಟ್‌ಗೆ 72 ತುಂಬಿತು! ತಂದೆ ಸ್ವರಸಂಯೋಜಕ, ಗಾಯನದ ಅಧ್ಯಾಪಕ. ತಾಯಿ ರಾಯಿಸಾ ರಷ್ಯಾದವರು, ಅವರ ಶಿಷ್ಯೆಯಾಗಿದ್ದವರು. ಪುಟ್ಟ ನಾದಿಯಾಗೆ ಸಂಗೀತ ಕೇಳಿದರೆ ಅಳು ಬರುತ್ತಿತ್ತಂತೆ. ಒಂದು ದಿನ ಬೀದಿಯಲ್ಲಿ ಹೋದ ಅಗ್ನಿಶಾಮಕ ಗಾಡಿಯ ಗಂಟೆ ಕೇಳಿ, ಆ ಸ್ವರವನ್ನು ಪಿಯಾನೋದಲ್ಲಿ ಹುಡುಕತೊಡಗಿದಳು. ಅಲ್ಲಿಂದಾಚೆ ಸಂಗೀತ ಬಿಟ್ಟು ಬೇರೆ ಇಲ್ಲ. ತಂದೆ 1900ರಲ್ಲಿ ತೀರಿಕೊಂಡರು. 1904ರಲ್ಲಿ, ಇನ್ನೂ 16ರ ಹುಡುಗಿ, ಪ್ಯಾರಿಸ್ ಕನ್ಸರ್ವೇಟರಿಯಲ್ಲಿ ಆರ್ಗನ್, ಪಿಯಾನೋ ಸಾಥಿ, ಫ್ಯೂಗ್ ಮೂರರಲ್ಲೂ ಮೊದಲ ಬಹುಮಾನ ಪಡೆದು, ಪಾಠ ಹೇಳುತ್ತಾ ಕಚೇರಿ ಕೊಡುತ್ತಾ ಮನೆಯ ಖರ್ಚಿಗೆ ಹೆಗಲು ಕೊಟ್ಟಳು. ಗುರು ಗೇಬ್ರಿಯಲ್ ಫೊರೆ ಮಾದ್ಲೆನ್ ಚರ್ಚಿನ ಆರ್ಗನ್ ವಾದಕರು. ಅವರು ಬಾರದ ದಿನ ಅಲ್ಲಿ ಕೂತು ನುಡಿಸುವ ಹೊಣೆ ನಾದಿಯಾಗೆ ಬರುತ್ತಿತ್ತು. ಅದೇ ವರ್ಷ ಸೇರಿದ ರ‍್ಯೂ ಬಾಲ್ಯು ಬೀದಿಯ 36ನೇ ನಂಬರಿನ ಮನೆಯನ್ನು ಕೊನೆಯವರೆಗೂ ಬಿಡಲಿಲ್ಲ. ಆ ಮನೆಯ ಹಜಾರದಲ್ಲೇ ಒಂದು ಆರ್ಗನ್ ಇತ್ತು.

ಆಗ ಫ್ರಾನ್ಸಿನಲ್ಲಿ ಸ್ವರಸಂಯೋಜಕರ ದೊಡ್ಡ ಪರೀಕ್ಷೆ ಎಂದರೆ 'ಪ್ರಿ ದ ರೋಮ್'. ತಂದೆ ಅದನ್ನು 1835ರಲ್ಲೇ ಗೆದ್ದಿದ್ದರು. ಹೆಂಗಸರಿಗೆ ಅದರ ಬಾಗಿಲು ತೆರೆದದ್ದು 1903ರಲ್ಲಿ. ನಾದಿಯಾ ಮತ್ತೆ ಮತ್ತೆ ಪ್ರಯತ್ನಿಸಿದರು. 1908ರಲ್ಲಿ ಫ್ಯೂಗ್ ಬರೆಯಲು ಒಂದು ಧಾಟಿ ಕೊಟ್ಟರು. ಫ್ಯೂಗ್ ಎಂದರೆ ಒಂದು ದನಿ ಶುರುಮಾಡಿದ ಧಾಟಿಯನ್ನು ಉಳಿದ ದನಿಗಳು ಒಂದೊಂದಾಗಿ ಬೆನ್ನಟ್ಟುವ ರಚನೆ. ನಿಯಮದಂತೆ ಅದು ಹಾಡುವವರಿಗಾಗಿ ಇರಬೇಕು. ಈ ಧಾಟಿ ತಂತಿವಾದ್ಯಗಳಿಗೇ ಸರಿ ಎಂದು ನಾದಿಯಾಗೆ ಅನಿಸಿತು, ಹಾಗೆಯೇ ಬರೆದುಕೊಟ್ಟರು. ತೀರ್ಪುಗಾರರಲ್ಲಿದ್ದ ಹಿರಿಯ ಸಂಯೋಜಕ ಸ್ಯಾಂ-ಸಾನ್ಸ್ ಕೆರಳಿದರು. ಪತ್ರಿಕೆಗಳಲ್ಲಿ ಗದ್ದಲವಾಗಿ ಸಂಗತಿ ಮಂತ್ರಿಯವರೆಗೂ ಹೋಯಿತು. ಕೊನೆಗೆ ಮುಂದಿನ ಸುತ್ತಿಗೆ ಬಿಟ್ಟರು, ಎರಡನೇ ಬಹುಮಾನ ಕೊಟ್ಟರು. ಮೊದಲನೆಯದು ಅವರಿಗೆ ಎಂದೂ ಸಿಗಲಿಲ್ಲ.

ಅದು ಸಿಕ್ಕಿದ್ದು ತಂಗಿ ಲಿಲಿಗೆ. ನಾದಿಯಾಗಿಂತ ಆರು ವರ್ಷ ಚಿಕ್ಕವಳು, ಎಳವೆಯಿಂದ ಕಾಯಿಲೆಯವಳು. 1913ರಲ್ಲಿ, 19ನೇ ವಯಸ್ಸಿನಲ್ಲಿ, ಸ್ವರಸಂಯೋಜನೆಗೆ ಆ ಬಹುಮಾನ ಗೆದ್ದ ಮೊದಲ ಮಹಿಳೆಯಾದಳು. 1918ರ ಮಾರ್ಚ್‌ನಲ್ಲಿ ತೀರಿಕೊಂಡಳು, 24 ವರ್ಷಕ್ಕೆ. ಅದಾಗಿ ಕೆಲವೇ ವರ್ಷಗಳಲ್ಲಿ ನಾದಿಯಾ ಸ್ವಂತ ಸಂಗೀತ ಬರೆಯುವುದನ್ನೇ ನಿಲ್ಲಿಸಿಬಿಟ್ಟರು. ತಾನು ಬರೆಯುವುದರಿಂದ ಯಾರಿಗೂ ಪ್ರಯೋಜನವಿಲ್ಲ ಎಂಬುದು ಅವರ ಲೆಕ್ಕ. ಫೊರೆ ಒಪ್ಪಲಿಲ್ಲ, ಇವರೂ ಬದಲಾಗಲಿಲ್ಲ.

ಇದನ್ನು ತಂಗಿಗಾಗಿ ಅಕ್ಕ ಮಾಡಿದ ತ್ಯಾಗ ಎಂದು ಬರೆದವರಿದ್ದಾರೆ. ನನಗೆ ಆ ಮಾತು ಅಷ್ಟು ಸುಲಭವಾಗಿ ಗಂಟಲಲ್ಲಿ ಇಳಿಯುವುದಿಲ್ಲ. ಹೆಣ್ಣು ಏನನ್ನಾದರೂ ಬಿಟ್ಟರೆ ಸಾಕು, ಹಾರ ಹಾಕಲು ನಾವು ಸಿದ್ಧ. ದುಃಖ ಇತ್ತು, ನಿಜ. ಅದರ ಜೊತೆಗೆ ತನ್ನದೇ ಕೆಲಸದ ಬಗ್ಗೆ ಬಹಳ ಕಠಿಣವಾದ ಒಂದು ಅಳತೆಯೂ ಇತ್ತು. ಬರೆಯುವುದನ್ನು ಬಿಟ್ಟವರು ಸಂಗೀತವನ್ನು ಬಿಡಲಿಲ್ಲ. ಲಿಲಿಯ ಕೃತಿಗಳನ್ನು ಹೋದಲ್ಲೆಲ್ಲ ಕೇಳಿಸಿದರು, ಆಮೇಲೆ ಇತರರ ಹೊಸ ಕೃತಿಗಳನ್ನು.

1921ರಲ್ಲಿ ಪ್ಯಾರಿಸ್ ಹತ್ತಿರದ ಫಾಂತೆನ್‌ಬ್ಲೋದಲ್ಲಿ ಅಮೆರಿಕನ್ ವಿದ್ಯಾರ್ಥಿಗಳಿಗಾಗಿ ಬೇಸಿಗೆ ಶಾಲೆ ಶುರುವಾಯಿತು. ಮೊದಲ ತಂಡದಲ್ಲೇ ಏರನ್ ಕೋಪ್ಲಂಡ್ ಇದ್ದರು. ಹೆಂಗಸೊಬ್ಬಳ ಬಳಿ ಕಲಿತು ಸಂಯೋಜಕನಾದವನನ್ನು ಎಲ್ಲೂ ಕೇಳಿಲ್ಲವಲ್ಲ ಎಂಬ ಅಳುಕು ಅವರಿಗಿತ್ತು. ಆದರೂ ಸೇರಿದರು. ಅಷ್ಟರಲ್ಲಿ ನಾದಿಯಾಗೆ ಅಮೆರಿಕದಲ್ಲಿ ಆರ್ಗನ್ ನುಡಿಸಲು ಆಹ್ವಾನ ಬಂತು. ಹೆಸರಾದ ಹಳೆಯ ಕೃತಿಯೊಂದನ್ನು ನುಡಿಸಿ ಚಪ್ಪಾಳೆ ಪಡೆದು ಬರಬಹುದಿತ್ತು. ಅವರು ಕೋಪ್ಲಂಡ್‌ಗೆ ಆರ್ಗನ್ ಮತ್ತು ಆರ್ಕೆಸ್ಟ್ರಾಕ್ಕಾಗಿ ಒಂದು ಸಿಂಫನಿ ಬರೆಯಲು ಹೇಳಿದರು. ಆ ಹುಡುಗ ಆರ್ಕೆಸ್ಟ್ರಾಕ್ಕಾಗಿ ಬರೆದ ಒಂದು ಸಾಲೂ ಅಲ್ಲಿಯವರೆಗೆ ಯಾರೂ ನುಡಿಸಿರಲಿಲ್ಲ; ತನ್ನ ಬರಹ ಹೇಗೆ ಕೇಳಿಸುತ್ತದೆಂದು ಅವನಿಗೇ ಗೊತ್ತಿರಲಿಲ್ಲ.

ಒರಟು ಕಡಲಿನಲ್ಲಿ ಅಕ್ವಿಟಾನಿಯಾ ಹಡಗು ದಾಟಿಬಂದು, 1924ರ ಕೊನೆಯ ದಿನ ನಾದಿಯಾ ನ್ಯೂಯಾರ್ಕ್ ಮುಟ್ಟಿದರು. 1925ರ ಜನವರಿ 11ರಂದು ಏಯೋಲಿಯನ್ ಹಾಲ್‌ನಲ್ಲಿ ವಾಲ್ಟರ್ ಡ್ಯಾಮ್ರಾಶ್ ನಿರ್ದೇಶನದಲ್ಲಿ ಸಿಂಫನಿಯ ಮೊದಲ ಪ್ರಯೋಗ. ಮುಗಿದ ಮೇಲೆ ಡ್ಯಾಮ್ರಾಶ್ ಸಭಿಕರತ್ತ ತಿರುಗಿ, ಈ ವಯಸ್ಸಿಗೇ ಇಂಥದ್ದು ಬರೆದವನು ಇನ್ನೈದು ವರ್ಷಕ್ಕೆ ಕೊಲೆಗೂ ತಯಾರಾದಾನು ಎಂಬರ್ಥದ ಚಟಾಕಿ ಹಾರಿಸಿದರು. ಕರ್ಕಶವೆಂದು ಮುಖ ಸಿಂಡರಿಸಿದ್ದ ಶ್ರೋತೃಗಳನ್ನು ಸಮಾಧಾನಪಡಿಸುವ ಉಪಾಯ ಅದು. ಮುಂದಿನ ತಿಂಗಳು ಬಾಸ್ಟನ್‌ನಲ್ಲಿ ಕುಸೆವಿಟ್‌ಸ್ಕಿ ನಿರ್ದೇಶನದಲ್ಲಿ ಮತ್ತೆ ನುಡಿಸಿದರು. ಮುಂದೆ ಅಮೆರಿಕದ ಸಂಗೀತಕ್ಕೇ ಮುಖವಾದ ಕೋಪ್ಲಂಡ್ ದೊಡ್ಡ ಸಭೆಗಳೆದುರು ಬಂದದ್ದು ಹೀಗೆ. ಆರ್ಗನ್ ಇಲ್ಲದ ಸಭಾಂಗಣಗಳಲ್ಲೂ ನುಡಿಸಲಿ ಎಂದು ಅವರು ಆಮೇಲೆ ಅದನ್ನೇ ಆರ್ಗನ್ ಬಿಟ್ಟು ಮತ್ತೆ ಬರೆದರು. ಅದೇ ಅವರ ಮೊದಲನೇ ಸಿಂಫನಿ.

1930ರ ದಶಕದಲ್ಲಿ ನಾದಿಯಾ ಆರ್ಗನ್ ಪೀಠದಿಂದ ಎದ್ದು ಆರ್ಕೆಸ್ಟ್ರಾದ ಮುಂದೆ ನಿಂತರು. 1937ರಲ್ಲಿ ಲಂಡನ್ನಿನ ರಾಯಲ್ ಫಿಲ್ಹಾರ್ಮೋನಿಕ್ ಸೊಸೈಟಿಯ ಕಚೇರಿ, 1938ರಲ್ಲಿ ಬಾಸ್ಟನ್ ಸಿಂಫನಿ. ಎರಡನ್ನೂ ನಿರ್ದೇಶಿಸಿದ ಮೊದಲ ಮಹಿಳೆ ಇವರೇ. ಹೆಣ್ಣಾಗಿ ಹೇಗನಿಸುತ್ತದೆಂದು ಪತ್ರಕರ್ತರು ಕೇಳಿದಾಗ, ಹೆಣ್ಣಾಗಿ ಐವತ್ತು ವರ್ಷ ಕಳೆದಿದ್ದೇನೆ, ಆ ಬೆರಗು ಎಂದೋ ಮುಗಿಯಿತು ಎಂಬಂತೆ ತಳ್ಳಿಹಾಕಿದರು. 1938ರ ಮೇ ತಿಂಗಳಲ್ಲಿ ವಾಷಿಂಗ್ಟನ್ನಿನ ಡಂಬರ್ಟನ್ ಓಕ್ಸ್ ಬಂಗಲೆಯಲ್ಲಿ ಸ್ತ್ರಾವಿನ್‌ಸ್ಕಿಯ ಹೊಸ ಕಂಚೆರ್ಟೊ ಮೊದಲು ಕೇಳಿಸಿದ್ದೂ ಅವರ ನಿರ್ದೇಶನದಲ್ಲಿ. ಕ್ಷಯದಿಂದ ಮಲಗಿದ್ದ ಸ್ತ್ರಾವಿನ್‌ಸ್ಕಿ ಬರುವಂತಿರಲಿಲ್ಲ. ಹಾಗೆಂದು ಹೊಸದೆಲ್ಲ ಅವರಿಗೆ ಒಪ್ಪಿಗೆಯಾಗಿತ್ತೆಂದಲ್ಲ. ಶೋನ್‌ಬರ್ಗ್‌ನ ಹನ್ನೆರಡು ಸ್ವರದ ದಾರಿ ಅವರಿಗೆ ಹಿಡಿಸಲಿಲ್ಲ. ಈ ವಿಷಯದಲ್ಲಿ ಅವರು ಪಕ್ಷಪಾತಿಯೇ.

ಶಿಷ್ಯರ ಪಟ್ಟಿ ಬರೆದರೆ ಈ ಸಂಚಿಕೆ ಸಾಲದು. 1954ರಲ್ಲಿ ಅರ್ಜೆಂಟೀನಾದಿಂದ ಬಂದ ಪಿಯಾಸೊಲಾ, ತಾನು ಟ್ಯಾಂಗೊ ನುಡಿಸುವವನೆಂಬುದನ್ನು ನಾಚಿಕೆಯಿಂದ ಮುಚ್ಚಿಟ್ಟಿದ್ದರು. ಅದನ್ನೇ ನುಡಿಸಲು ಹೇಳಿ, ನಿನ್ನ ಸಂಗೀತ ಇಲ್ಲಿದೆ, ಇದನ್ನು ಬಿಡಬೇಡ ಎಂದು ತಿಳಿಸಿದವರು ನಾದಿಯಾ. 1960ರ ದಶಕದಲ್ಲಿ ಫಿಲಿಪ್ ಗ್ಲಾಸ್ ಇವರ ಬಳಿ ಕಲಿಯುತ್ತಿರುವಾಗಲೇ ಪ್ಯಾರಿಸ್‌ನಲ್ಲಿ ರವಿಶಂಕರ್ ಜೊತೆ ಕೆಲಸ ಮಾಡಿ ನಮ್ಮ ತಾಳದ ಲೆಕ್ಕಕ್ಕೆ ಮರುಳಾದರು. ನಮ್ಮ ವನರಾಜ್ ಭಾಟಿಯಾ ಇಳಿವಯಸ್ಸಿನಲ್ಲಿ ಒಂದು ಆಪೆರಾ ಬರೆಯಲು ಕೂತಾಗ ಆರಿಸಿಕೊಂಡ ಕಥೆ ಯಾವುದು ಗೊತ್ತೇ? ಕಾರ್ನಾಡರ 'ಅಗ್ನಿ ಮತ್ತು ಮಳೆ'. ಅಮ್ಮನಿಗೆ ಹೇಳಿದೆ, ಅವರಿಗೆ ಆಶ್ಚರ್ಯವೇ ಆಗಲಿಲ್ಲ.

ಕಣ್ಣು ಮಂಜಾದ ಮೇಲೂ ರ‍್ಯೂ ಬಾಲ್ಯು ಮನೆಯ ಬುಧವಾರದ ಪಾಠಗಳು ನಡೆದವು. ಓದಲಾಗದಿದ್ದರೂ ಕಿವಿಯಿಂದಲೇ ತಪ್ಪು ಹಿಡಿಯುತ್ತಿದ್ದರು. 1979ರ ಅಕ್ಟೋಬರ್ 22ರಂದು, 92ನೇ ವಯಸ್ಸಿನಲ್ಲಿ ತೀರಿಕೊಂಡರು. ಮೊಂಮಾರ್ತ್ರ್ ಸ್ಮಶಾನದಲ್ಲಿ ಲಿಲಿಯ ಸಮಾಧಿಯಲ್ಲೇ ಅವರನ್ನೂ ಇಟ್ಟಿದ್ದಾರೆ.

ಅವರು 1911ರಲ್ಲಿ ಪ್ರಕಟಿಸಿದ ಆರ್ಗನ್‌ನ ಮೂರು ಪುಟ್ಟ ರಚನೆಗಳನ್ನು ಇಂದಿನ ವಾದಕರು ನುಡಿಸುತ್ತಾರೆ, ಯೂಟ್ಯೂಬ್‌ನಲ್ಲಿ ಸಿಗುತ್ತವೆ. ರಾತ್ರಿ ಅಡುಗೆಮನೆ ಒರೆಸಿ ದೀಪ ಆರಿಸಿದ ಮೇಲೆ, ಇಯರ್‌ಫೋನ್ ಹಾಕಿಕೊಂಡು ಕೇಳಿ.