ಕಪ್ಪತಗುಡ್ಡವನ್ನು ಓದಿದ ಬ್ರೂಸ್ ಫೂಟ್

ಗದಗಿಗೆ ಸಮೀಪದ ಬಿಂಕದಕಟ್ಟಿಯ ಬಳಿ ತಲೆಯೆತ್ತುವ ಒಂದು ಬೆಟ್ಟಸಾಲು ಆಗ್ನೇಯಕ್ಕೆ ಸಾಗಿ, ಶಿರಹಟ್ಟಿ ಮುಂಡರಗಿಗಳ ಸೀಮೆಯನ್ನು ಹಾಯ್ದು, ತುಂಗಭದ್ರೆಯ ದಡದಲ್ಲಿರುವ ಸಿಂಗಟಾಲೂರಿನ ಹತ್ತಿರ ಮುಗಿಯುತ್ತದೆ. ಸುಮಾರು 60 ಕಿಲೋಮೀಟರು ಉದ್ದದ ಈ ಸಾಲಿಗೆ ಕಪ್ಪತಗುಡ್ಡವೆಂದು ಹೆಸರು. ಸುತ್ತಲೂ ಜೋಳ, ಹತ್ತಿ ಬೆಳೆಯುವ ಎರೆಭೂಮಿ. ನಡುವೆ ಕುರುಚಲು ಕಾಡು ಹೊದ್ದ ಗುಡ್ಡಗಳು. ಕುರುಬನಿಗೆ ಇದು ಮೇವಿನ ತಾಣ. ನಾಟಿವೈದ್ಯನಿಗೆ ಮೂಲಿಕೆಗಳ ಭಂಡಾರ. ಭಕ್ತನಿಗೆ ಕಪ್ಪತಮಲ್ಲೇಶ್ವರನ ಸನ್ನಿಧಿ. ಇವರಾರೂ ಹುಡುಕದ ಒಂದು ವಸ್ತುವನ್ನು ಹುಡುಕುತ್ತ, ನೂರೈವತ್ತು ವರ್ಷಗಳ ಹಿಂದೆ ಕೈಯಲ್ಲಿ ಸುತ್ತಿಗೆ ಹಿಡಿದು ಈ ಗುಡ್ಡಗಳನ್ನು ಹತ್ತಿಳಿದ ಒಬ್ಬ ಪರದೇಶಿಯಿದ್ದರು. ಭೂಮಿಯ ಚರಿತ್ರೆಯೇ ಅವರು ಹುಡುಕುತ್ತಿದ್ದ ವಸ್ತು. ಅವರ ಹೆಸರು ರಾಬರ್ಟ್ ಬ್ರೂಸ್ ಫೂಟ್.

ಫೂಟ್ ಅವರು 1834ರ ಸೆಪ್ಟೆಂಬರ್ 22ರಂದು ಇಂಗ್ಲೆಂಡಿನ ಚೆಲ್ಟನ್‌ಹ್ಯಾಮಿನಲ್ಲಿ ಜನಿಸಿದರು. 1858ರಲ್ಲಿ, ತಮ್ಮ ಇಪ್ಪತ್ತನಾಲ್ಕನೆಯ ವಯಸ್ಸಿನಲ್ಲಿ, ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣ ಇಲಾಖೆಯನ್ನು ಸೇರಿ ಮದರಾಸು ಪ್ರಾಂತಕ್ಕೆ ನಿಯುಕ್ತರಾದರು. ನೆಲದೊಳಗೆ ಎಲ್ಲಿ ಕಲ್ಲಿದ್ದಲಿದೆ, ಎಲ್ಲಿ ಕಬ್ಬಿಣವಿದೆ, ಎಲ್ಲಿ ಚಿನ್ನವಿದೆ ಎಂಬುದನ್ನು ತಿಳಿಯುವುದು ಆಳುವ ಸರಕಾರದ ಉದ್ದೇಶವಾಗಿತ್ತು. ಆದರೆ ಇಲಾಖೆ ಒಪ್ಪಿಸಿದ ಕೆಲಸದ ಎಲ್ಲೆಯೊಳಗೆ ಫೂಟ್ ಅವರ ಕುತೂಹಲ ನಿಲ್ಲಲಿಲ್ಲ.

ಅವರ ಹೆಸರನ್ನು ಶಾಶ್ವತಗೊಳಿಸಿದ ಘಟನೆ ನಡೆದದ್ದು 1863ರ ಮೇ 30ರಂದು. ಮದರಾಸಿನ ಸಮೀಪದ ಪಲ್ಲಾವರದಲ್ಲಿ ಜಲ್ಲಿಗಾಗಿ ಅಗೆದ ಒಂದು ಗುಂಡಿಯ ಬಳಿ ಅವರಿಗೊಂದು ಕಲ್ಲು ದೊರೆಯಿತು. ನೋಡುವವರಿಗೆ ಅದು ಹತ್ತರಲ್ಲಿ ಹನ್ನೊಂದನೆಯ ಕಲ್ಲು. ಫೂಟ್ ಅವರು ಅದರ ಅಂಚುಗಳನ್ನು ಪರೀಕ್ಷಿಸಿದರು. ಚಕ್ಕೆಗಳು ಎದ್ದಿದ್ದ ರೀತಿ ಕ್ರಮಬದ್ಧವಾಗಿತ್ತು. ನೀರೂ ಬಿಸಿಲೂ ಕಲ್ಲನ್ನು ಹಾಗೆ ಒಡೆಯಲಾರವು. ಅದು ಆದಿಮಾನವನು ತನ್ನ ಕೈಯಾರೆ ಮಾಡಿಕೊಂಡ ಕೊಡಲಿಯಾಗಿತ್ತು. ಯುರೋಪಿನಲ್ಲಿ ಇಂತಹ ಆಯುಧಗಳ ಪ್ರಾಚೀನತೆಯನ್ನು ವಿದ್ವಾಂಸರು ಒಪ್ಪಿ ಆಗ ನಾಲ್ಕೇ ವರ್ಷಗಳಾಗಿದ್ದವು. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಸಹೋದ್ಯೋಗಿ ವಿಲಿಯಂ ಕಿಂಗ್ ಅವರೊಡನೆ ಅತ್ತಿರಂಪಾಕ್ಕಂನಲ್ಲಿ ಇನ್ನಷ್ಟು ಆಯುಧಗಳನ್ನು ಅವರು ಕಂಡರು. ಭಾರತದ ಮನುಷ್ಯನ ಕಥೆ ಬರಹಕ್ಕಿಂತ, ಲೋಹಕ್ಕಿಂತ ಎಷ್ಟೋ ಹಿಂದೆ ಆರಂಭವಾಗುತ್ತದೆಂಬ ಸಂಗತಿ ಹೀಗೆ ಬೆಳಕಿಗೆ ಬಂದಿತು. ಅತ್ತಿರಂಪಾಕ್ಕಂನ ಅತ್ಯಂತ ಹಳೆಯ ಆಯುಧಗಳು ಸುಮಾರು 15 ಲಕ್ಷ ವರ್ಷಗಳಷ್ಟು ಪ್ರಾಚೀನವೆಂದು 2011ರಲ್ಲಿ ಪ್ರಕಟವಾದ ಸಂಶೋಧನೆ ತೋರಿಸಿಕೊಟ್ಟಿದೆ.

ಮುಂದೆ 1870ರ ಆಸುಪಾಸಿನಲ್ಲಿ ಫೂಟ್ ಅವರು ಕನ್ನಡ ನಾಡಿಗೆ ಬಂದರು. ಆಗ ದಕ್ಷಿಣ ಮರಾಠಾ ಸೀಮೆಯೆಂದು ಕರೆಯಲಾಗುತ್ತಿದ್ದ ಬೆಳಗಾವಿ, ಧಾರವಾಡ, ಬಿಜಾಪುರಗಳ ಪ್ರದೇಶ ಅವರ ಕಾರ್ಯಕ್ಷೇತ್ರವಾಯಿತು. ರೈಲು ಇನ್ನೂ ಗದಗನ್ನು ಮುಟ್ಟಿರಲಿಲ್ಲ. ಒಳನಾಡಿನಲ್ಲಿ ಒಳ್ಳೆಯ ರಸ್ತೆಗಳು ವಿರಳವಾಗಿದ್ದವು. ಡೇರೆ ಸಾಮಾನುಗಳು ಬಂಡಿಯಲ್ಲಿ ಬರಬಹುದು, ದೂರದ ದಾರಿಯನ್ನು ಕುದುರೆಯ ಮೇಲೆ ಸವೆಸಬಹುದು. ಆದರೆ ಬಂಡೆಯ ಗುಣವನ್ನು ಕುದುರೆಯ ಮೇಲೆ ಕುಳಿತು ತಿಳಿಯಲಾಗದು. ಹಳ್ಳದ ಪಾತ್ರವನ್ನು ಹಿಡಿದು ನಡೆಯಬೇಕು. ಮಳೆನೀರು ಕೊರೆದ ದಂಡೆಯಲ್ಲಿ ಯಾವ ಪದರದ ಮೇಲೆ ಯಾವ ಪದರವಿದೆಯೆಂದು ನೋಡಬೇಕು. ಕಲ್ಲನ್ನು ಒಡೆದು ಅದರ ಹೊಸ ಮೈಯನ್ನು ಪರೀಕ್ಷಿಸಬೇಕು. ಒಂದು ಗುಡ್ಡದಲ್ಲಿ ಕಂಡ ಶಿಲೆಯ ಪಟ್ಟಿ ಮುಂದಿನ ಗುಡ್ಡದಲ್ಲಿಯೂ ಇದೆಯೇ ಎಂಬುದನ್ನು ಅಲ್ಲಿಗೆ ಹೋಗಿಯೇ ಅರಿಯಬೇಕು. ಹೀಗೆ ಹೆಜ್ಜೆ ಹೆಜ್ಜೆಗೂ ಕೂಡಿಸಿದ ತಿಳಿವಳಿಕೆ 1876ರಲ್ಲಿ ಗ್ರಂಥರೂಪದಲ್ಲಿ ಪ್ರಕಟವಾಯಿತು. ಆ ಸಂಚಾರದಲ್ಲಿಯೇ ಮಲಪ್ರಭೆಯ ಕಣಿವೆಯಲ್ಲಿ ಶಿಲಾಯುಧಗಳು ದೊರೆತವು. ಗೋಕಾಕದ ಸಮೀಪದ ಒಂದು ಹಳ್ಳದ ದಂಡೆಯಲ್ಲಿ ಘೇಂಡಾಮೃಗದ ಅವಶೇಷಗಳು ಸಿಕ್ಕವು. ಇಂದು ಬಯಲಾಗಿರುವ ಆ ಸೀಮೆಯಲ್ಲಿ ಒಂದು ಕಾಲಕ್ಕೆ ಘೇಂಡಾಮೃಗಗಳು ಅಲೆದಾಡುತ್ತಿದ್ದವೆಂಬುದಕ್ಕೆ ಆ ಎಲುಬುಗಳೇ ಸಾಕ್ಷಿ.

ಕಪ್ಪತಗುಡ್ಡಕ್ಕೆ ಅವರನ್ನು ಎಳೆತಂದ ಪ್ರಶ್ನೆ ಚಿನ್ನದ್ದಾಗಿತ್ತು. ಮಳೆ ಬಂದು ಹಳ್ಳಗಳು ಹರಿದು ಇಳಿದ ಮೇಲೆ, ಜಲಗಾರರೆಂಬ ಜನರು ಅಲ್ಲಿನ ಮರಳನ್ನು ಮರಿಗೆಯಲ್ಲಿ ತೊಳೆದು ಚಿನ್ನದ ಕಣಗಳನ್ನು ಬೇರ್ಪಡಿಸುವುದು ಆ ಸೀಮೆಯ ಹಳೆಯ ಕಸುಬಾಗಿತ್ತು. ಫೂಟ್ ಅವರಿಗಿಂತ ಮೊದಲೇ ಕ್ಯಾಪ್ಟನ್ ನ್ಯೂಬೋಲ್ಡ್ ಎಂಬ ಅಧಿಕಾರಿ ಇದನ್ನು ಬರೆದಿಟ್ಟಿದ್ದರು. ಹಳ್ಳದಲ್ಲಿ ಚಿನ್ನವಿದೆಯೆಂದರೆ ಗುಡ್ಡದಲ್ಲಿ ಅದರ ತವರು ಇರಲೇಬೇಕಷ್ಟೆ. ಆ ತವರು ಎಲ್ಲಿದೆ, ಎಷ್ಟು ದೊಡ್ಡದು ಎಂಬುದನ್ನು ಫೂಟ್ ಅವರು ಅರಸಿದರು.

ಅವರು ಜಲಗಾರರ ಅನುಭವವನ್ನು ಕಡೆಗಣಿಸಲಿಲ್ಲ. ಯಾವ ಹಳ್ಳದ ಮರಳು ಚಿನ್ನ ಕೊಡುತ್ತದೆ, ಯಾವುದು ಕೊಡುವುದಿಲ್ಲ ಎಂಬುದು ತಲೆತಲಾಂತರದಿಂದ ಆ ಕಸುಬಿನವರಿಗೆ ಗೊತ್ತಿದ್ದ ವಿದ್ಯೆ. ಆ ವಿದ್ಯೆಗೆ ಶಿಲಾಶಾಸ್ತ್ರವನ್ನು ಜೋಡಿಸಿ ನೋಡಿದಾಗ ಗುಡ್ಡದ ರಚನೆ ಸ್ಪಷ್ಟವಾಯಿತು. ಅಲ್ಲಿನ ಶಿಲೆಗಳನ್ನು ಅವರು ಡೋಣಿ, ಕಪ್ಪತಗುಡ್ಡ, ಸೊರಟೂರು ಎಂಬ ಊರು-ಗುಡ್ಡಗಳ ಹೆಸರಿನಿಂದಲೇ ಬೇರೆ ಬೇರೆ ಗುಂಪುಗಳಾಗಿ ವಿಂಗಡಿಸಿದರು. ಚಿನ್ನದ ಸಂಬಂಧ ಸೊರಟೂರಿನ ಗುಂಪಿನ ಶಿಲೆಗಳೊಡನೆ ಇದೆಯೆಂದು ಗುರುತಿಸಿದರು. ಡಂಬಳದ ಗುಡ್ಡಗಳ ಚಿನ್ನವನ್ನು ಕುರಿತ ಅವರ ವರದಿ 1874ರಲ್ಲಿ ಪ್ರಕಟವಾಯಿತು.

ಚಿನ್ನವೆಂದರೆ ಸರಕಾರಕ್ಕೂ ವ್ಯಾಪಾರಿಗಳಿಗೂ ಬಾಯಲ್ಲಿ ನೀರೂರುತ್ತಿದ್ದ ಕಾಲವದು. ನಾಲ್ಕು ಮಾತು ಹೆಚ್ಚಿಗೆ ಬರೆದಿದ್ದರೆ ಬರೆದವರಿಗೆ ಕೀರ್ತಿ ಬರುತ್ತಿತ್ತು. ಫೂಟ್ ಅವರು ಕಂಡದ್ದಕ್ಕಿಂತ ಒಂದು ಗುಲಗಂಜಿಯಷ್ಟೂ ಹೆಚ್ಚು ಹೇಳಲಿಲ್ಲ. ಚಿನ್ನವಿರುವುದು ನಿಜ, ಆದರೆ ಮರಳಿನಲ್ಲಿ ದೊರೆಯುವುದು ಅಲ್ಪ, ಭಾರಿ ಸಂಪತ್ತಿನ ಭರವಸೆಗೆ ಆಧಾರ ಕಾಣದು ಎಂಬುದು ಅವರ ಬರಹದ ಸಾರ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಇಂಗ್ಲಿಷ್ ಕಂಪನಿಗಳು ಬಂದು ಕಬುಲಾಯತಕಟ್ಟಿ, ಹೊಸೂರು ಮೊದಲಾದೆಡೆ ಗಣಿಗಳನ್ನು ತೋಡಿದವು. ಹಣ ಸುರಿದು, ಆಳಕ್ಕಿಳಿದು, ಸುಮಾರು ಒಂದು ದಶಕದೊಳಗೆ ಅವು ಕೆಲಸ ನಿಲ್ಲಿಸಿದವು. ಗುಡ್ಡದ ಮೈಮೇಲೆ ಗಾಯಗಳು ಉಳಿದವು.

ಕಪ್ಪತಗುಡ್ಡ ಅವರಿಗೆ ಚಿನ್ನಕ್ಕಿಂತ ಬೆಲೆಯುಳ್ಳ ಇನ್ನೊಂದನ್ನು ಕೊಟ್ಟಿತು. ಇಂತಹವೇ ಶಿಲೆಗಳ ಉದ್ದನೆಯ ಪಟ್ಟಿಗಳು ದಕ್ಷಿಣ ಭಾರತದ ಇತರ ಕಡೆಗಳಲ್ಲಿಯೂ ಇರುವುದನ್ನು ಅವರು ಕಂಡರು. ಇವು ಸುತ್ತಲಿನ ಹಳೆಯ ನೈಸ್ ಶಿಲೆಯ ಭಾಗಗಳೆಂದು ಅದುವರೆಗೆ ತಿಳಿಯಲಾಗಿತ್ತು. ಅವು ಬೇರೆಯೇ ಆದ, ನೈಸ್‌ಗಿಂತ ಈಚಿನ ಒಂದು ಶಿಲಾಸಮೂಹವೆಂದು ಫೂಟ್ ಅವರು ಪ್ರತಿಪಾದಿಸಿ, ಅದಕ್ಕೆ ಧಾರವಾಡ ಶಿಲಾವರ್ಗವೆಂದು ನಾಮಕರಣ ಮಾಡಿದರು. 1886ರಿಂದ 1889ರವರೆಗೆ ಈ ವಿಷಯವಾಗಿ ಅವರ ಲೇಖನಗಳು ಪ್ರಕಟವಾದವು. ದಕ್ಷಿಣದ ಚಿನ್ನದ ನೆಲೆ ಮುಖ್ಯವಾಗಿ ಈ ಶಿಲೆಗಳೇ ಎಂದು ಅವರು ತೋರಿಸಿದರು. ಕೋಲಾರ, ಹಟ್ಟಿಗಳ ಚಿನ್ನವಿರುವುದೂ ಇಂತಹ ಪಟ್ಟಿಗಳಲ್ಲಿಯೇ. ಸುಮಾರು 250 ಕೋಟಿ ವರ್ಷಗಳಿಗೂ ಹಿಂದಿನ ಈ ಶಿಲೆಗಳಿಂದಾಗಿ ಕನ್ನಡದ ಒಂದು ಊರಿನ ಹೆಸರು ಪ್ರಪಂಚದ ಭೂವಿಜ್ಞಾನದ ಪುಸ್ತಕಗಳಲ್ಲಿ ಸೇರಿಹೋಯಿತು.

ಬಳ್ಳಾರಿ ಸೀಮೆಯಲ್ಲಿಯೂ ಫೂಟ್ ಅವರು ದೀರ್ಘಕಾಲ ಸಂಚರಿಸಿದರು. ಸಂಗನಕಲ್ಲು, ಕುಪ್ಪಗಲ್ಲುಗಳ ಗುಡ್ಡದಲ್ಲಿ ನವಶಿಲಾಯುಗದ ಜನರು ಕೊಡಲಿಗಳನ್ನು ತಯಾರಿಸುತ್ತಿದ್ದ ತಾಣವನ್ನು ಅಭ್ಯಾಸ ಮಾಡಿದರು. ಆ ಭಾಗದ ಬೂದಿದಿಬ್ಬಗಳು ಸುಟ್ಟ ಸಗಣಿಯಿಂದಾದವೆಂದು ಅವರು ಹೇಳಿದ್ದನ್ನು ಇಪ್ಪತ್ತನೆಯ ಶತಮಾನದ ಉತ್ಖನನಗಳು ಎತ್ತಿಹಿಡಿದವು. 1884ರ ಸುಮಾರಿಗೆ ಕರ್ನೂಲಿನ ಬಿಲ್ಲಸುರ್ಗಂ ಗವಿಗಳಲ್ಲಿ ಅವರು ಕೈಗೊಂಡ ಶೋಧನೆಯಲ್ಲಿ ಮಗ ಹೆನ್ರಿ ನೆರವಾದರು.

ಮೂವತ್ತಮೂರು ವರ್ಷಗಳ ಸೇವೆಯ ಅನಂತರ 1891ರಲ್ಲಿ ನಿವೃತ್ತರಾದರೂ ಫೂಟ್ ಅವರು ವಿಶ್ರಮಿಸಲಿಲ್ಲ. ಬರೋಡಾ ಸಂಸ್ಥಾನದ ಭೂಪರೀಕ್ಷೆ ನಡೆಸಿದರು. 1894ರಲ್ಲಿ ಮೈಸೂರು ಸಂಸ್ಥಾನವು ಭೂವಿಜ್ಞಾನ ಇಲಾಖೆಯನ್ನು ಸ್ಥಾಪಿಸಿದಾಗ ಅದರ ಹೊಣೆಯನ್ನು ಹೊತ್ತರು. ಆ ಮೇಲೆ ಸೇಲಂ ಬಳಿಯ ಏರ್ಕಾಡಿನ ಬೆಟ್ಟದಲ್ಲಿ ನೆಲಸಿ, ನಾಲ್ಕು ದಶಕಗಳಲ್ಲಿ ಕೂಡಿಸಿದ ಶಿಲಾಯುಧ, ಮಡಕೆಚೂರುಗಳನ್ನು ಜಿಲ್ಲೆಯ ಪ್ರಕಾರ, ದೊರೆತ ಸ್ಥಳದ ಪ್ರಕಾರ ಪಟ್ಟಿಮಾಡಿದರು. ಹುಟ್ಟಿದ ನೆಲದ ಗುರುತಿಲ್ಲದ ಕಲ್ಲು ಮೂಕ. ಊರಿನ ಹೆಸರು ಹೊತ್ತ ಕಲ್ಲು ಮಾತನಾಡುತ್ತದೆ. 1904ರಲ್ಲಿ ಮದರಾಸಿನ ವಸ್ತುಸಂಗ್ರಹಾಲಯವು 40,000 ರೂಪಾಯಿ ಕೊಟ್ಟು ಆ ಸಂಗ್ರಹವನ್ನು ಪಡೆಯಿತು. ಸಂಗ್ರಹದ ವಿವರಗಳನ್ನೊಳಗೊಂಡ ಎರಡು ಸಂಪುಟಗಳು 1914 ಮತ್ತು 1916ರಲ್ಲಿ ಹೊರಬಂದವು. ಅವನ್ನು ನೋಡಲು ಫೂಟ್ ಅವರು ಉಳಿದಿರಲಿಲ್ಲ. 1912ರ ಡಿಸೆಂಬರ್ 29ರಂದು ಕಲಕತ್ತೆಯಲ್ಲಿ ಅವರು ನಿಧನರಾಗಿದ್ದರು. ಅವರ ಚಿತಾಭಸ್ಮವನ್ನು ಏರ್ಕಾಡಿನಲ್ಲಿ ಇರಿಸಲಾಗಿದೆ.

ಕಪ್ಪತಗುಡ್ಡದ ಒಡಲಿನ ಸಂಪತ್ತಿನ ಮೇಲಿನ ಆಸೆ ಅವರ ಕಾಲಕ್ಕೆ ಮುಗಿಯಲಿಲ್ಲ. 2015ರಲ್ಲಿ ಸರಕಾರ ಈ ಪ್ರದೇಶವನ್ನು ಸಂರಕ್ಷಿತ ಮೀಸಲು ಎಂದು ಸಾರಿತು. ಮರುವರ್ಷವೇ ಆ ಘೋಷಣೆಯನ್ನು ಹಿಂತೆಗೆದುಕೊಂಡಿತು. ಗದಗ ಸೀಮೆಯ ಜನರು, ಮಠಾಧೀಶರು, ಸಾಹಿತಿಗಳು ಒಂದಾಗಿ ಪ್ರತಿಭಟಿಸಿದ ಫಲವಾಗಿ 2017ರಲ್ಲಿ ಅದು ಮತ್ತೆ ಜಾರಿಗೆ ಬಂದಿತು. 2019ರಲ್ಲಿ 244 ಚದರ ಕಿಲೋಮೀಟರು ಪ್ರದೇಶ ವನ್ಯಜೀವಿಧಾಮವಾಯಿತು. ಫೂಟ್ ಅವರು ಬಂಡೆಗಳನ್ನು ಅರಸಿ ಬಂದವರು. ಅವುಗಳ ಮೇಲಿನ ಕಾಡನ್ನು ಉಳಿಸಿಕೊಂಡವರು ಈ ನೆಲದ ಮಕ್ಕಳು. ಇಬ್ಬರಿಗೂ ಸಮಾನವಾದ ಗುಣವೊಂದಿದೆ. ಗುಡ್ಡವನ್ನು ಅಗೆಯುವ ಮೊದಲು ಅದನ್ನು ಅರಿಯಬೇಕೆಂಬ ವಿವೇಕವೇ ಆ ಗುಣ. ಅರಿಯುವುದಕ್ಕೆ ಕಾಲ್ನಡಿಗೆ ಬೇಕು, ತೆರೆದ ಕಣ್ಣು ಬೇಕು. ಕಂಡದ್ದನ್ನು ಕಂಡಷ್ಟೇ ಹೇಳುವ ಪ್ರಾಮಾಣಿಕತೆ ಬೇಕು. ರಾಬರ್ಟ್ ಬ್ರೂಸ್ ಫೂಟ್ ಅವರ ಬಾಳು ಈ ಮೂರಕ್ಕೂ ನಿದರ್ಶನವಾಗಿದೆ.