ಮಿಸ್ ಫ್ರಾನ್ಸೆಸ್ ವಿಲ್ಲರ್ಡರ ಜೀವನವೂ ಅವರ ಬೈಸಿಕಲ್ಲೂ

ಮಹನೀಯರ ಜೀವನಚರಿತ್ರೆಗಳಲ್ಲಿ ಅವರು ಲೋಕಕ್ಕೆ ಕಲಿಸಿದ ಸಂಗತಿಗಳೇ ಹೆಚ್ಚಾಗಿ ವರ್ಣಿಸಲ್ಪಡುವುವು. ತಲೆ ನರೆತ ಮೇಲೆ ಅವರು ಮಕ್ಕಳಂತೆ ಹೆದರಿ, ಮಕ್ಕಳಂತೆ ತಪ್ಪಿ, ಹೊಸದೊಂದನ್ನು ಕಲಿತ ಕಥೆಯು ಅಪರೂಪವಾಗಿ ಬರೆಯಲ್ಪಡುವುದು. ಅಮೇರಿಕಾ ದೇಶದ ಮಿಸ್ ಫ್ರಾನ್ಸೆಸ್ ವಿಲ್ಲರ್ಡರವರು ಉಪಾಧ್ಯಾಯಿನಿಯಾಗಿಯೂ ಮಹಿಳೆಯರ ನಾಯಕಿಯಾಗಿಯೂ ಪ್ರಸಿದ್ಧರಾದವರು. ಅವರು ತಮ್ಮ ಐವತ್ತಮೂರನೆಯ ವಯಸ್ಸಿನಲ್ಲಿ ಬೈಸಿಕಲ್ಲನ್ನು ಕಲಿಯತೊಡಗಿದರೆಂಬುದು ಅವರ ಜೀವನದಲ್ಲಿ ಒಂದು ಚಿಕ್ಕ ಸಂಗತಿಯೆಂದು ತೋರಬಹುದು. ಆದರೆ ಹೆಣ್ಣುಮಕ್ಕಳನ್ನು ಬೆಳೆಯಿಸುವ ತಾಯಿತಂದೆಗಳಿಗೂ, ಈ ಶಾಲೆಯಲ್ಲಿ ಓದಿ ಈಗ ತಮ್ಮ ತಮ್ಮ ಮನೆಗಳನ್ನು ನಡಿಸುತ್ತಿರುವ ನಮ್ಮ ಹಳೆಯ ವಿದ್ಯಾರ್ಥಿನಿಯರಿಗೂ ಅದರಲ್ಲಿ ಆಲೋಚಿಸತಕ್ಕ ವಿಷಯವು ಬಹಳವಿರುವುದರಿಂದ ಈ ಚರಿತ್ರೆಯನ್ನು ಇಲ್ಲಿ ಸಂಗ್ರಹವಾಗಿ ಬರೆಯುತ್ತೇನೆ.

ಫ್ರಾನ್ಸೆಸಳು 1839ನೆಯ ಇಸವಿ ಸೆಪ್ಟೆಂಬರ್ 28ನೆಯ ತಾರೀಖು ನ್ಯೂಯಾರ್ಕ್ ಸಂಸ್ಥಾನದ ಚರ್ಚ್‌ವಿಲ್ ಎಂಬ ಊರಿನಲ್ಲಿ ಜನಿಸಿದಳು. ತಾಯಿಯು ವಿವಾಹಕ್ಕೆ ಮೊದಲು ಉಪಾಧ್ಯಾಯಿನಿಯಾಗಿದ್ದವಳು. ತಂದೆಯ ದೇಹಸ್ಥಿತಿಯು ಚೆನ್ನಾಗಿಲ್ಲದ ಕಾರಣ ಕುಟುಂಬದವರು 1846ರಲ್ಲಿ ಪಶ್ಚಿಮಕ್ಕೆ ಹೋಗಿ, ವಿಸ್ಕಾನ್ಸಿನ್ ಸೀಮೆಯ ಜೇನ್ಸ್‌ವಿಲ್ ಎಂಬ ಊರಿನ ಬಳಿಯಲ್ಲಿ ಬೇಸಾಯ ಮಾಡಿಕೊಂಡು ನೆಲೆಸಿದರು. ಕಾಡೂ ನದಿಯೂ ಹುಲ್ಲುಗಾವಲೂ ಇದ್ದ ಆ ಪ್ರದೇಶದಲ್ಲಿ ಅಣ್ಣ ಆಲಿವರನೊಂದಿಗೂ ತಂಗಿ ಮೇರಿಯೊಂದಿಗೂ ಆಡುತ್ತ, ಮರ ಹತ್ತುತ್ತ, ಓಡುತ್ತ ಆಕೆಯು ಬೆಳೆದಳು. ಗಂಡುಹುಡುಗನ ಹೆಸರಾದ ಫ್ರಾಂಕ್ ಎಂದು ಕರೆಯಲ್ಪಡುವುದೇ ಆಕೆಗೆ ಇಷ್ಟವಾಗಿತ್ತು. ಹೆಣ್ಣುಮಕ್ಕಳು ಕುದುರೆಯೇರುವುದು ತಂದೆಗೆ ಸರಿಬೀಳಲಿಲ್ಲ. ಅದಕ್ಕೆ ಆಕೆಯು ಮನೆಯ ಹಸುವೊಂದನ್ನು ಪಳಗಿಸಿ ಅದರ ಬೆನ್ನ ಮೇಲೆ ಸವಾರಿ ಮಾಡಿದಳು.

ಹದಿನಾರನೆಯ ಹುಟ್ಟುಹಬ್ಬದ ಹೊತ್ತಿಗೆ ಈ ಸ್ವಾತಂತ್ರ್ಯವು ಮುಗಿಯಿತು. ಪಾದವನ್ನು ಮುಚ್ಚುವ ಉದ್ದ ಲಂಗವೂ, ಸೊಂಟವನ್ನು ಬಿಗಿಯುವ ಒಳಕವಚವೂ, ಎತ್ತರದ ಹಿಮ್ಮಡಿಯ ಪಾದರಕ್ಷೆಯೂ ಆಕೆಗೆ ಬಂದುವು. ಹಾರಾಡುತ್ತಿದ್ದ ಕೂದಲನ್ನು ಮೇಲೆ ಕಟ್ಟಿ ಪಿನ್ನುಗಳಿಂದ ಚುಚ್ಚಿದರು. ಅಂದಿನಿಂದ ಓಡಾಟವೂ ಆಟವೂ ಕಡಿಮೆಯಾಗಿ, ಆಕೆಯು ಪುಸ್ತಕಗಳ ನಡುವೆಯೇ ಕುಳಿತಳು. ಆ ದಿನದ ದುಃಖವನ್ನು ಆಕೆಯು ದಿನಚರಿಯಲ್ಲಿ ಬರೆದಳು, ವೃದ್ಧಾಪ್ಯದ ಸಮೀಪದಲ್ಲಿಯೂ ಮರೆತಿರಲಿಲ್ಲ. 1856ರಲ್ಲಿ ಇಪ್ಪತ್ತೊಂದು ವರ್ಷ ತುಂಬಿದ ಅಣ್ಣನು ಮತ ಕೊಡಲು ಹೊರಟಾಗ, ಅದೇ ದೇಶವನ್ನು ಅಷ್ಟೇ ಪ್ರೀತಿಸುವ ತಂಗಿಯರಿಗೆ ಆ ಹಕ್ಕು ಏಕಿಲ್ಲವೆಂಬ ಪ್ರಶ್ನೆಯು ಕಿಟಕಿಯ ಬಳಿ ನಿಂತಿದ್ದ ಆಕೆಯ ಮನಸ್ಸಿನಲ್ಲಿ ಹುಟ್ಟಿತು.

1859ರಲ್ಲಿ ಇಲಿನಾಯ್ ಸಂಸ್ಥಾನದ ಎವನ್‌ಸ್ಟನ್ ನಗರದ ಸ್ತ್ರೀಯರ ಕಾಲೇಜಿನಲ್ಲಿ ವಿದ್ಯಾಭ್ಯಾಸವನ್ನು ಮುಗಿಸಿ, ಮರುವರ್ಷದಿಂದ ಮಿಸ್ ವಿಲ್ಲರ್ಡರವರು ಉಪಾಧ್ಯಾಯಿನಿಯ ವೃತ್ತಿಯನ್ನು ಕೈಕೊಂಡರು. 1862ರಲ್ಲಿ ಪ್ರೀತಿಯ ತಂಗಿಯು ತೀರಿಕೊಂಡಳು. ಆಕೆಯ ಸ್ಮರಣೆಗಾಗಿ ಬರೆದ ಚಿಕ್ಕ ಚರಿತ್ರೆಯೇ ಮಿಸ್ ವಿಲ್ಲರ್ಡರ ಮೊದಲನೆಯ ಗ್ರಂಥವು. ಹಲವು ಶಾಲೆಗಳಲ್ಲಿ ಪಾಠ ಹೇಳಿ, 1868ರಿಂದ ಎರಡು ವರ್ಷಕ್ಕೂ ಹೆಚ್ಚಾಗಿ ಯೂರೋಪಿನಲ್ಲಿಯೂ ಪೂರ್ವದೇಶಗಳಲ್ಲಿಯೂ ಸಂಚರಿಸಿ ಬಂದ ಮೇಲೆ, 1871ರಲ್ಲಿ ಎವನ್‌ಸ್ಟನ್ನಿನ ಮಹಿಳಾ ಕಾಲೇಜಿಗೆ ಅವರು ಅಧ್ಯಕ್ಷೆಯಾದರು. ಆ ವರ್ಷದ ಅಕ್ಟೋಬರಿನಲ್ಲಿಯೇ ಷಿಕಾಗೋ ನಗರವನ್ನು ಸುಟ್ಟ ಮಹಾಗ್ನಿಯಿಂದ ಕಾಲೇಜಿಗೆ ವಾಗ್ದಾನ ಮಾಡಿದ್ದ ಧನವು ಬರದೆ ಹೋಯಿತು. 1873ರಲ್ಲಿ ಕಾಲೇಜು ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾನಿಲಯದಲ್ಲಿ ಸೇರಿಹೋಗಲು, ಮಿಸ್ ವಿಲ್ಲರ್ಡರವರು ಅಲ್ಲಿನ ವಿದ್ಯಾರ್ಥಿನಿಯರ ಡೀನ್ ಆದರು. ಆದರೆ ಹುಡುಗಿಯರ ಶಿಸ್ತನ್ನು ನೋಡಿಕೊಳ್ಳುವ ಅಧಿಕಾರವು ಯಾರದೆಂಬ ವಿಷಯದಲ್ಲಿ ವಿಶ್ವವಿದ್ಯಾನಿಲಯದ ಅಧ್ಯಕ್ಷರಿಗೂ ಅವರಿಗೂ ಭಿನ್ನಾಭಿಪ್ರಾಯವುಂಟಾಗಿ 1874ರಲ್ಲಿ ಅವರು ಆ ಕೆಲಸವನ್ನು ಬಿಟ್ಟರು. ಮೂವತ್ತನಾಲ್ಕು ವರ್ಷದ ಅವಿವಾಹಿತ ಸ್ತ್ರೀಯೊಬ್ಬಳು, ತಾಯಿಯನ್ನು ಪೋಷಿಸುವ ಭಾರವಿರುವಾಗ, ಗೌರವದ ಉದ್ಯೋಗವನ್ನು ತೊರೆಯುವುದೆಂದರೆ ಅಲ್ಪವಾದ ಸಂಗತಿಯಲ್ಲ.

ಆ ವರ್ಷವೇ ಮದ್ಯಪಾನದ ವಿರೋಧವಾಗಿ ಅಮೇರಿಕಾದ ಸ್ತ್ರೀಯರು ಎದ್ದಿದ್ದರು. ಗಂಡನು ಕುಡಿದು ಕೂಲಿಯನ್ನೆಲ್ಲ ಕಳೆದರೆ, ಆಸ್ತಿಯೂ ಮತವೂ ಇಲ್ಲದ ಹೆಂಡತಿಗೂ ಮಕ್ಕಳಿಗೂ ಯಾವ ಆಶ್ರಯವೂ ಇಲ್ಲದಿದ್ದ ಕಾಲವದು. 1874ರ ನವೆಂಬರಿನಲ್ಲಿ ಕ್ಲೀವ್‌ಲೆಂಡಿನಲ್ಲಿ ಸ್ಥಾಪಿತವಾದ ಕ್ರೈಸ್ತ ಸ್ತ್ರೀಯರ ಮದ್ಯಪಾನ ನಿರೋಧ ಸಂಘಕ್ಕೆ ಮಿಸ್ ವಿಲ್ಲರ್ಡರವರು ಕಾರ್ಯದರ್ಶಿಯಾದರು. 1879ರಿಂದ ಮರಣದವರೆಗೂ ಅವರೇ ಅಧ್ಯಕ್ಷೆ. ಸಂಘದ ಗುರುತು ಒಂದು ಬಿಳಿಯ ರಿಬ್ಬನ್ನು. ಮದ್ಯವನ್ನು ಮಾತ್ರ ದೂಷಿಸಿದರೆ ಸಾಲದೆಂದು ಕಂಡುಕೊಂಡು, ಸ್ತ್ರೀಯರ ಮತಾಧಿಕಾರ, ಹುಡುಗಿಯರ ರಕ್ಷಣೆಯ ಕಾನೂನುಗಳು, ಶಿಶುವಿಹಾರಗಳು, ಸೆರೆಮನೆಗಳ ಸುಧಾರಣೆ ಮುಂತಾದುವನ್ನೂ ಅವರು ಸಂಘದ ಕಾರ್ಯಗಳಲ್ಲಿ ಸೇರಿಸಿದರು. ಸಂಘದ ಸದಸ್ಯೆಯರು ಲಕ್ಷಕ್ಕೂ ಮೀರಿದರು. 1883ರ ವೇಳೆಗೆ ಅವರು ರೈಲುಬಂಡಿಗಳಲ್ಲಿಯೇ ಓದಿ ಬರೆದು, ತಮ್ಮ ದೇಶದ ಎಲ್ಲ ಸಂಸ್ಥಾನಗಳಲ್ಲಿಯೂ ಉಪನ್ಯಾಸ ಮಾಡಿದ್ದರು.

ನಮ್ಮ ನಾಡಿಗೂ ಅವರಿಗೂ ಒಂದು ಸಂಬಂಧವುಂಟು. ಪಶ್ಚಿಮ ಘಟ್ಟದ ಗಂಗಾಮೂಲದ ಅರಣ್ಯದಲ್ಲಿ 1858ರಲ್ಲಿ ಹುಟ್ಟಿದ ಪಂಡಿತಾ ರಮಾಬಾಯಿಯವರು 1886ರಲ್ಲಿ ಅಮೇರಿಕಕ್ಕೆ ಹೋದಾಗ ಮಿಸ್ ವಿಲ್ಲರ್ಡರವರು ಅವರಿಗೆ ಸ್ನೇಹಿತೆಯಾದರು. ಬಾಲವಿಧವೆಯರ ವಿದ್ಯಾಭ್ಯಾಸಕ್ಕೆ ಸಹಾಯ ಮಾಡಲು 1887ರಲ್ಲಿ ಬಾಸ್ಟನ್ ನಗರದಲ್ಲಿ ಏರ್ಪಟ್ಟ ರಮಾಬಾಯಿ ಸಂಘದ ಉಪಾಧ್ಯಕ್ಷರಲ್ಲಿ ಅವರೂ ಒಬ್ಬರು. ಆ ಸಹಾಯದಿಂದಲೇ 1889ರಲ್ಲಿ ಮುಂಬಯಿಯಲ್ಲಿ ಶಾರದಾ ಸದನವು ತೆರೆಯಲ್ಪಟ್ಟಿತು.

ಗುಣವನ್ನು ಬರೆಯುವವರು ಕೊರತೆಯನ್ನು ಮರೆಮಾಡಬಾರದು. ಅಮೇರಿಕಾದ ದಕ್ಷಿಣ ಸಂಸ್ಥಾನಗಳಲ್ಲಿ ಕರಿಯ ಜನರನ್ನು ಗುಂಪುಗಳು ಹಿಡಿದು ಕೊಲ್ಲುತ್ತಿದ್ದ ಕಾಲದಲ್ಲಿ, ಮಿಸ್ ವಿಲ್ಲರ್ಡರವರು 1890ರಲ್ಲಿ ಆ ಜನರನ್ನು ಹೀನಾಯವಾಗಿ ಕಾಣಿಸುವ ಮಾತುಗಳನ್ನು ಪತ್ರಿಕೆಯೊಂದಕ್ಕೆ ಹೇಳಿದ್ದರು. ಗುಲಾಮಗಿರಿಯಲ್ಲಿ ಹುಟ್ಟಿ ಉಪಾಧ್ಯಾಯಿನಿಯೂ ಪತ್ರಿಕೋದ್ಯೋಗಿಯೂ ಆದ ಐಡಾ ವೆಲ್ಸರವರು 1894ರಲ್ಲಿ ಇಂಗ್ಲೆಂಡಿನಲ್ಲಿಯೇ ಆ ಮಾತುಗಳನ್ನು ಬಹಿರಂಗಪಡಿಸಿ ಅವರನ್ನು ಪ್ರಶ್ನಿಸಿದರು. ಸಂಘವು ಆ ಕೊಲೆಗಳನ್ನು ಖಂಡಿಸಿತಾದರೂ, ಮಿಸ್ ವಿಲ್ಲರ್ಡರ ಉತ್ತರವು ನ್ಯಾಯಕ್ಕೆ ತಕ್ಕಷ್ಟು ನೇರವಾಗಿರಲಿಲ್ಲ.

1892ರ ಆಗಸ್ಟಿನಲ್ಲಿ ತಾಯಿಯು ತೀರಿಕೊಂಡರು. ಹದಿನೆಂಟು ವರ್ಷಗಳ ಬಿಡುವಿಲ್ಲದ ದುಡಿಮೆಯಿಂದ ಬಳಲಿದ್ದ ಮಿಸ್ ವಿಲ್ಲರ್ಡರ ದೇಹವು ಈ ದುಃಖದಿಂದ ಕುಗ್ಗಿತು. ಅವರು ಇಂಗ್ಲೆಂಡಿಗೆ ಹೋಗಿ, ಅಲ್ಲಿಯ ಮದ್ಯಪಾನ ನಿರೋಧ ಸಂಘದ ಮುಖಂಡರಾಗಿದ್ದ ಲೇಡಿ ಹೆನ್ರಿ ಸಾಮರ್ಸೆಟ್ಟರ ಮನೆಯಲ್ಲಿ ವಿಶ್ರಮಿಸಿಕೊಂಡರು. ಬಯಲಿನಲ್ಲಿ ವ್ಯಾಯಾಮವು ಬೇಕೆಂದು ತೋರಿದಾಗ ಅವರ ಕಣ್ಣಿಗೆ ಬಿದ್ದುದು ಬೈಸಿಕಲ್ಲು.

ಆ ಯಂತ್ರವು ಆಗ ಹೊಸ ರೂಪವನ್ನು ತಾಳಿತ್ತು. ಹಿಂದಿನ ಬೈಸಿಕಲ್ಲಿನ ಮುಂಚಕ್ರವು ಆಳೆತ್ತರವಾಗಿದ್ದು, ಸವಾರನು ಅದರ ತುದಿಯಲ್ಲಿ ಕುಳಿತು, ಕಲ್ಲು ತಗಲಿದರೆ ತಲೆಕೆಳಗಾಗಿ ಬೀಳುತ್ತಿದ್ದನು. ಲಂಗವನ್ನುಟ್ಟ ಸ್ತ್ರೀಯರಿಗೆ ಅದು ಅಸಾಧ್ಯವೇ ಆಗಿತ್ತು. 1885ರಲ್ಲಿ ಕಾವೆಂಟ್ರಿಯ ಜಾನ್ ಕೆಂಪ್ ಸ್ಟಾರ್ಲಿಯು ಹೆಚ್ಚುಕಡಿಮೆ ಸಮನಾದ ಎರಡು ಚಕ್ರಗಳನ್ನಿಟ್ಟು, ಹಿಂಚಕ್ರವನ್ನು ಚೈನಿನಿಂದ ತಿರುಗಿಸುವ ಬೈಸಿಕಲ್ಲನ್ನು ಮಾರಾಟಕ್ಕೆ ತಂದನು. 1888ರಲ್ಲಿ ಬೆಲ್‌ಫಾಸ್ಟಿನ ಪಶುವೈದ್ಯ ಡನ್ಲಪ್ಪನು ಮಗನ ಮೂರು ಚಕ್ರದ ಗಾಡಿಗಾಗಿ ಮಾಡಿದ ಗಾಳಿ ತುಂಬಿದ ಟಾಯರಿನ ಹಕ್ಕುಪತ್ರವನ್ನು ಪಡೆದನು. ಮುಂಭಾಗದ ಅಡ್ಡಕಂಬಿಯನ್ನು ತಗ್ಗಿಸಿದ ಬೈಸಿಕಲ್ಲುಗಳು ಸ್ತ್ರೀಯರಿಗಾಗಿ ಬಂದುವು. ನಡೆಯುವಷ್ಟೇ ಶ್ರಮದಿಂದ ಮೂರು ಪಾಲು ದೂರ ಹೋಗಬಹುದಾದ, ಹುಲ್ಲನ್ನೂ ಕಲ್ಲಿದ್ದಲನ್ನೂ ಬೇಡದ ವಾಹನವು ಹೀಗೆ ಹೆಂಗಸರ ಕೈಗೆಟುಕಿತು.

ಲೇಡಿ ಹೆನ್ರಿಯವರು ಕೊಟ್ಟ ಬೈಸಿಕಲ್ಲಿಗೆ ಮಿಸ್ ವಿಲ್ಲರ್ಡರವರು ಗ್ಲಾಡಿಸ್ ಎಂದು ಹೆಸರಿಟ್ಟರು. ಅದು ಹರ್ಷವನ್ನು ಕೊಡುವುದೆಂಬುದೇ ಆ ಹೆಸರಿಗೆ ಕಾರಣ. ಮೊದಲು ಬಲವಾದ ತೋಳಿನ ಮೂವರು ಯುವಕರು ಯಂತ್ರವನ್ನು ಹಿಡಿದುಕೊಳ್ಳಲು ಅವರು ನಡುಗುತ್ತ ಸೀಟಿನ ಮೇಲೆ ಕುಳಿತರು. ಅನಂತರ ಇಬ್ಬರು ಹುಡುಗಿಯರು ಎರಡು ಕಡೆಯಲ್ಲಿ ಹಿಡಿದು ಮುಖ ಕೆಂಪಾಗುವಂತೆ ದುಡಿದರು. ಮತ್ತೆ ಒಬ್ಬಳೇ ಪಕ್ಕದಲ್ಲಿ ನಡೆದಳು. ದಿನಕ್ಕೆ ಸರಾಸರಿ ಹದಿನೈದು ನಿಮಿಷದಂತೆ ಸುಮಾರು ಮೂರು ತಿಂಗಳು ಅಭ್ಯಾಸವು ನಡೆಯಿತು. ಪೆಡಲು ತುಳಿಯುವುದು, ತಿರುಗುವುದು, ಇಳಿಯುವುದು, ಕೊನೆಗೆ ಯಾರ ಸಹಾಯವೂ ಇಲ್ಲದೆ ಹತ್ತುವುದು ಎಂಬ ಕ್ರಮದಲ್ಲಿ ಅವರು ಕಲಿತರು. ಜನವರಿ 20ನೆಯ ತಾರೀಖು ತಾವಾಗಿಯೇ ಹತ್ತಿದ ದಿನವನ್ನು ಹಬ್ಬದ ದಿನವೆಂಬಂತೆ ನೆನಪಿನಲ್ಲಿಟ್ಟುಕೊಂಡರು.

ಕಲಿತವರಿಗೆ ಗೊತ್ತಿರುವ ಒಂದು ಮರ್ಮವು ಇಲ್ಲಿದೆ. ಬೈಸಿಕಲ್ಲು ಯಾವ ಕಡೆಗೆ ವಾಲುವುದೋ ಆ ಕಡೆಗೇ ಹ್ಯಾಂಡಲನ್ನು ಸ್ವಲ್ಪ ತಿರುಗಿಸಿದರೆ ಅದು ತಾನೇ ನೆಟ್ಟಗಾಗುವುದು. ಹೆದರಿ ವಿರುದ್ಧ ದಿಕ್ಕಿಗೆ ತಿರುಗಿಸಿದರೆ ಬೀಳುವುದು. ನಿಧಾನವಾದಷ್ಟೂ ತೂಕವನ್ನು ಕಾಯುವುದು ಕಷ್ಟ. ಮುಂಚಕ್ರವನ್ನೇ ನೋಡುತ್ತಿರುವವರು ತಡವರಿಸುವರು, ದೂರದ ದಾರಿಯನ್ನು ನೋಡುವವರು ಸಾಗುವರು. ಸಾವಿರಾರು ಜನರ ಸಭೆಯಲ್ಲಿ ಅಂಜದ ಮಿಸ್ ವಿಲ್ಲರ್ಡರವರು ತಮ್ಮನ್ನು ಬೀಳಿಸುತ್ತಿದ್ದುದು ಯಂತ್ರವಲ್ಲ, ತಮ್ಮ ಮನಸ್ಸಿನ ಅಂಜಿಕೆಯೆಂದು ಇದರಿಂದ ತಿಳಿದುಕೊಂಡರು. ಉಪಾಧ್ಯಾಯಿನಿಯರಾದ ನಮಗೆ ಇದು ಬಹಳ ಉಪಯುಕ್ತವಾದ ಪಾಠವು. ದಡ್ಡಿಯೆಂದು ಅನ್ನಿಸಿಕೊಂಡು ಮೂಲೆಯಲ್ಲಿ ಕುಳಿತ ಹುಡುಗಿಯ ಅವಸ್ಥೆಯು ಎಂಥದೆಂಬುದು, ದೊಡ್ಡವರು ತಾವೇ ಹೊಸದೊಂದನ್ನು ಕಲಿಯಲು ತೊಡಗಿದಾಗಲೇ ಗೊತ್ತಾಗುವುದು.

ಅವರ ಉಡುಪು ಸರಳವಾಗಿತ್ತು. ನೆಲದಿಂದ ಮೂರು ಅಂಗುಲ ಮೇಲಕ್ಕಿದ್ದ ಉಣ್ಣೆಯ ಲಂಗ, ಸಡಿಲವಾದ ರವಿಕೆ, ಹುಲ್ಲಿನ ಟೋಪಿ, ನಡೆಯಲು ಅನುಕೂಲವಾದ ಪಾದರಕ್ಷೆ, ಇಷ್ಟೇ. ಮೂರು ಅಂಗುಲವೆಂದರೆ ಈಗ ನಗೆ ಬರಬಹುದು. ಆದರೆ 1893ರ ಸೆಪ್ಟೆಂಬರಿನಲ್ಲಿ ಬ್ರೈಟನ್ನಿನ ಟೆಸ್ಸಿ ರೇನಾಲ್ಡ್ಸ್ ಎಂಬ ಹದಿನಾರು ವರ್ಷದ ಹುಡುಗಿಯು ಲಂಡನ್ನಿಗೆ ಹೋಗಿ ಹಿಂದಿರುಗುವ ಸುಮಾರು 120 ಮೈಲಿಗಳನ್ನು ಎಂಟೂವರೆ ಗಂಟೆಗಳಲ್ಲಿ ಮುಗಿಸಿದಾಗ, ಆಕೆಯ ಶಕ್ತಿಗಿಂತ ಆಕೆ ತೊಟ್ಟಿದ್ದ ಷರಾಯಿಯ ಚರ್ಚೆಯೇ ಪತ್ರಿಕೆಗಳಲ್ಲಿ ಹೆಚ್ಚಾಯಿತು. ಬೈಸಿಕಲ್ಲನ್ನು ತುಳಿಯುವ ಸ್ತ್ರೀಯರ ಮುಖವು ವಿಕಾರವಾಗುವುದೆಂದು ಕೆಲವರು ವೈದ್ಯರು ಸಹ ಎಚ್ಚರಿಸುತ್ತಿದ್ದರು. ಇಂಥ ಕಾಲದಲ್ಲಿ ಲೋಕಪ್ರಸಿದ್ಧರಾದ, ಸದಾಚಾರಕ್ಕೆ ಹೆಸರಾದ ಹಿರಿಯ ಮಹಿಳೆಯೊಬ್ಬರು ಬೈಸಿಕಲ್ಲನ್ನೇರಿದುದರಿಂದ ಅನೇಕ ಹುಡುಗಿಯರಿಗೆ ಮನೆಯಲ್ಲಿ ಅನುಮತಿಯನ್ನು ಕೇಳಲು ಧೈರ್ಯವು ಬಂದಿರಬೇಕು. ಆ ಉದ್ದೇಶದಿಂದಲೇ ಅವರು 1895ರಲ್ಲಿ ತಮ್ಮ ಅನುಭವವನ್ನು ಒಂದು ಚಿಕ್ಕ ಪುಸ್ತಕವಾಗಿ ಪ್ರಕಟಿಸಿದರು. ಆರೋಗ್ಯ, ಸಾಹಸದ ಪ್ರೀತಿ, ಇತರ ಸ್ತ್ರೀಯರಿಗೆ ಮಾದರಿಯಾಗುವ ಆಸೆ ಇವುಗಳ ಜೊತೆಗೆ, ಈ ವಯಸ್ಸಿನಲ್ಲಿ ನಿನ್ನಿಂದಾಗದೆಂದು ಹಲವರು ಹೇಳಿದುದೂ ತಮಗೆ ಒಂದು ಕಾರಣವಾಯಿತೆಂದು ಅದರಲ್ಲಿ ಒಪ್ಪಿಕೊಂಡಿದ್ದಾರೆ. ಹದಿನಾರನೆಯ ವಯಸ್ಸಿನಲ್ಲಿ ಕಳೆದುಕೊಂಡ ಬಯಲು ತಮಗೆ ಮರಳಿ ದೊರೆಯಿತೆಂಬ ಸಂತೋಷವು ಆ ಪುಸ್ತಕದಲ್ಲೆಲ್ಲ ಕಾಣುವುದು.

ಈ ಸಂತೋಷವು ಹೆಚ್ಚು ಕಾಲ ಉಳಿಯಲಿಲ್ಲ. 1898ರ ಫೆಬ್ರವರಿ 17ರಂದು, ಐವತ್ತೆಂಟನೆಯ ವಯಸ್ಸಿನಲ್ಲಿ, ನ್ಯೂಯಾರ್ಕ್ ನಗರದಲ್ಲಿ ಇನ್‌ಫ್ಲೂಯೆಂಜ಼ಾ ಜ್ವರದಿಂದ ಅವರು ನಿಧನ ಹೊಂದಿದರು. 1905ರಲ್ಲಿ ಇಲಿನಾಯ್ ಸಂಸ್ಥಾನದವರು ವಾಷಿಂಗ್ಟನ್ನಿನ ಶಾಸನಸಭೆಯ ಭವನದಲ್ಲಿ ಅವರ ವಿಗ್ರಹವನ್ನು ನಿಲ್ಲಿಸಿದರು. ದೇಶದ ಮಹಾಪುರುಷರಿಗೆಂದು ಮೀಸಲಾದ ಆ ಮಂದಿರದಲ್ಲಿ ಸ್ಥಾನ ಪಡೆದ ಮೊದಲನೆಯ ಸ್ತ್ರೀ ಅವರೇ. ಅವರು ಬಯಸಿದ ಪಾನನಿರೋಧದ ಕಾನೂನು 1920ರಲ್ಲಿ ಬಂದು 1933ರಲ್ಲಿ ರದ್ದಾಯಿತು. ಸ್ತ್ರೀಯರ ಮತಾಧಿಕಾರವು 1920ರಲ್ಲಿ ಬಂದು ನಿಂತಿತು. ಬೈಸಿಕಲ್ಲಿನ ದಾರಿ ಮಾತ್ರ ನಿಧಾನವಾಗಿ ತೆರೆಯಿತು. 1896ರ ಆಥೆನ್ಸ್ ಒಲಿಂಪಿಕ್ ಪಂದ್ಯಗಳಲ್ಲಿ ಪುರುಷರು ಬೈಸಿಕಲ್ಲಿನಲ್ಲಿ ಸ್ಪರ್ಧಿಸಿದರು. ಸ್ತ್ರೀಯರಿಗೆ ಆ ಅವಕಾಶವು ದೊರೆತುದು 88 ವರ್ಷಗಳ ಮೇಲೆ, 1984ರಲ್ಲಿ, ಲಾಸ್ ಏಂಜಲೀಸಿನಲ್ಲಿ. ಕಲ್ಲುಮುಳ್ಳಿನ ಬೆಟ್ಟದ ದಾರಿಗಳಲ್ಲಿ ಓಡಿಸುವ ದಪ್ಪ ಟಾಯರಿನ ಬೈಸಿಕಲ್ಲುಗಳ ಪಂದ್ಯವು 1996ರಲ್ಲಿ ಒಲಿಂಪಿಕ್ಕಿಗೆ ಸೇರಿದಾಗ ಸ್ತ್ರೀಪುರುಷರಿಬ್ಬರಿಗೂ ಮೊದಲ ದಿನದಿಂದಲೇ ಸ್ಥಾನವಿತ್ತು.

ನಮ್ಮ ರಾಜ್ಯದಲ್ಲಿ 2006-07ನೆಯ ಸಾಲಿನಿಂದ ಕೆಲವು ವರ್ಷಗಳವರೆಗೆ ಎಂಟನೆಯ ತರಗತಿಯ ಮಕ್ಕಳಿಗೆ ಸರಕಾರವು ಬೈಸಿಕಲ್ಲುಗಳನ್ನು ಹಂಚಿತು. ಪ್ರೌಢಶಾಲೆಯು ದೂರವೆಂಬ ಕಾರಣದಿಂದ ಓದನ್ನು ಬಿಡಬೇಕಾಗಿದ್ದ ಹಳ್ಳಿಯ ಹುಡುಗಿಯರಿಗೆ ಅದು ಎಷ್ಟು ದೊಡ್ಡ ಸಹಾಯವೆಂಬುದನ್ನು ನಾನು ಹೇಳಬೇಕಾಗಿಲ್ಲ. ಇತ್ತ ಪಟ್ಟಣಗಳಲ್ಲಿ ಅರ್ಧ ಮೈಲಿಯ ದಾರಿಗೂ ಮೋಟಾರು ಬೇಕಾಗಿದೆ. ಬೆಳಗ್ಗೆ ಶಾಲೆಯ ಬಾಗಿಲಿನಲ್ಲಿ ನಿಲ್ಲುವ ವಾಹನಗಳ ಹೊಗೆಯನ್ನು ಮೊದಲು ಉಸಿರಾಡುವವರು ನಮ್ಮ ಮಕ್ಕಳೇ. ಹೊಗೆಯಿಲ್ಲದ, ಎಣ್ಣೆ ಬೇಡದ, ಮನೆಯ ಜಗಲಿಯಲ್ಲಿ ನಿಲ್ಲಿಸಬಹುದಾದ ಈ ವಾಹನವನ್ನು ನಾವು ಬಡತನದ ಗುರುತೆಂದು ತಿಳಿಯುವುದು ಸರಿಯಲ್ಲ.

ತಾಯಿತಂದೆಗಳಲ್ಲಿ ನನ್ನ ವಿಜ್ಞಾಪನೆಯು ಇಷ್ಟೇ. ಮಗಳು ದೊಡ್ಡವಳಾದಳೆಂಬ ಕಾರಣಕ್ಕೆ ಆಕೆಯ ಬೈಸಿಕಲ್ಲನ್ನು ತಮ್ಮನಿಗೆ ಕೊಟ್ಟುಬಿಡಬೇಡಿರಿ. ರಸ್ತೆಯಲ್ಲಿ ಅಪಾಯವಿದೆಯೆಂಬುದು ನಿಜ. ಅದಕ್ಕೆ ದಾರಿಯನ್ನು ಸರಿಪಡಿಸಿರೆಂದು ನಗರಸಭೆಯವರನ್ನು ಕೇಳುವುದೂ, ನಾಲ್ಕಾರು ಹುಡುಗಿಯರು ಒಟ್ಟಾಗಿ ಬರುವಂತೆ ಏರ್ಪಡಿಸುವುದೂ ಉಪಾಯಗಳಾಗಿವೆ. ಹಳೆಯ ವಿದ್ಯಾರ್ಥಿನಿಯರೇ, ನಿಮ್ಮಲ್ಲಿ ಅನೇಕರು ಚಿಕ್ಕಂದಿನಲ್ಲಿ ಕಲಿಯಲಾರದೆ ಹೋದವರು. ಮಿಸ್ ವಿಲ್ಲರ್ಡರವರು ಐವತ್ತಮೂರನೆಯ ವರ್ಷದವರೆಗೆ ಕಾಯಬೇಕಾಯಿತು. ನಿಮ್ಮಲ್ಲಿ ಬಹುಮಂದಿಗೆ ಅಷ್ಟು ವಯಸ್ಸು ಇನ್ನೂ ಆಗಿಲ್ಲ. ದಿನಕ್ಕೆ ಹದಿನೈದು ನಿಮಿಷದಂತೆ ಮೂರು ತಿಂಗಳು ಸಾಕು. ಬೈಸಿಕಲ್ಲನ್ನು ಹಿಡಿದುಕೊಳ್ಳಲು ನಿಮ್ಮ ಹೆಣ್ಣುಮಕ್ಕಳನ್ನೇ ಕರೆಯಿರಿ.