ಕಿರಿಯರ ಕೈಹಿಡಿದ ಬಾಲಸಂತ ದೊಮಿನಿಕ್ ಸಾವಿಯೊ

ಶತಮಾನೋತ್ಸವದ ಈ ಶುಭ ಸಂದರ್ಭದಲ್ಲಿ ನಮ್ಮನ್ನು ವಿಶ್ವಾಸದಲ್ಲಿ ಬೆಳೆಸಿದ ಗುರುಹಿರಿಯರನ್ನು ನೆನೆಯುವುದು ಸಹಜ. ಆದರೆ ಆ ವಿಶ್ವಾಸವನ್ನು ಕಿರಿಯರಿಗೆ ದಾಟಿಸುವ ಹೊಣೆ ಹದಿಹರೆಯದವರದೂ ಹೌದೆಂಬುದನ್ನು, ಹದಿನೈದು ತುಂಬುವ ಮೊದಲೇ ಕಣ್ಮುಚ್ಚಿದ ಬಾಲಕನೊಬ್ಬ ಬಾಳಿ ತೋರಿಸಿದ್ದಾನೆ. ಅವನೇ ಸಂತ ದೊಮಿನಿಕ್ ಸಾವಿಯೊ.

ಇಟಲಿಯ ರೀವಾ ಎಂಬ ಹಳ್ಳಿಯಲ್ಲಿ 1842ರ ಏಪ್ರಿಲ್ 2ರಂದು ಅವನು ಜನಿಸಿದನು. ತಂದೆ ಕಾರ್ಲೊ ಕಮ್ಮಾರ. ತಾಯಿ ಬ್ರಿಜಿತ ಹೊಲಿಗೆಯಿಂದ ಸಂಸಾರಕ್ಕೆ ನೆರವಾಗುತ್ತಿದ್ದಳು. ಆ ಕಾಲದ ರೂಢಿಗೆ ಹೊರತಾಗಿ ಏಳನೆಯ ವಯಸ್ಸಿನಲ್ಲಿಯೇ ಅವನಿಗೆ ಪ್ರಥಮ ಪರಮಪ್ರಸಾದ ದೊರೆಯಿತು. ಪಾಪಕ್ಕಿಂತ ಮರಣವೇ ಲೇಸೆಂದು ಅಂದು ಕೈಗೊಂಡ ಸಂಕಲ್ಪವನ್ನು ಅವನು ಕೊನೆಯವರೆಗೂ ಕಾಪಾಡಿಕೊಂಡನು.

1854ರ ಅಕ್ಟೋಬರ್‌ನಲ್ಲಿ ಅವನು ತೂರಿನ್ ನಗರದಲ್ಲಿದ್ದ ಡಾನ್ ಬಾಸ್ಕೊರವರ ವಿದ್ಯಾರ್ಥಿನಿಲಯವನ್ನು ಸೇರಿದನು. ಮರುವರ್ಷ ಪಾವಿತ್ರ್ಯವನ್ನು ಕುರಿತ ಪ್ರಬೋಧನೆಯೊಂದು ಅವನ ಹೃದಯವನ್ನು ನಾಟಿತು. ಸಂತನಾಗುವ ಹಂಬಲದಲ್ಲಿ ಆಟವನ್ನು ಬಿಟ್ಟು ಮಂಕಾದನು. ಮುಂದೆ ಹಾಸಿಗೆಯಲ್ಲಿ ಕಲ್ಲು, ಮರದ ಚೂರುಗಳನ್ನು ಹಾಕಿಕೊಂಡು ದೇಹವನ್ನು ದಂಡಿಸಲೂ ತೊಡಗಿದನು. ಡಾನ್ ಬಾಸ್ಕೊರವರು ಇದನ್ನು ತಡೆದರು. ನಗುಮೊಗದಿಂದಿರುವುದು, ಓದು ಮತ್ತು ಪ್ರಾರ್ಥನೆಗಳನ್ನು ತಪ್ಪದೆ ಮಾಡುವುದು, ಜೊತೆಗಾರರ ಆತ್ಮಹಿತಕ್ಕೆ ದುಡಿಯುವುದು: ಇದೇ ಅವರು ತೋರಿದ ಹಾದಿ.

ಅಂದಿನಿಂದ ಆಟದ ಬಯಲೇ ಅವನ ಸೇವಾಕ್ಷೇತ್ರವಾಯಿತು. ಚಿಕ್ಕವರಿಗೆ ಧರ್ಮೋಪದೇಶ ಹೇಳಿಕೊಟ್ಟನು. ಕಲ್ಲೆಸೆದು ಹೋರಾಡಲು ಹೊರಟ ಇಬ್ಬರ ನಡುವೆ ಶಿಲುಬೆ ಹಿಡಿದು ನಿಂತು ಅವರನ್ನು ಒಂದುಗೂಡಿಸಿದನು. ಕಾಯಿಲೆಯಿಂದೆದ್ದು ಹೊಸದಾಗಿ ಬಂದು, ಒಂಟಿಯಾಗಿ ನಿಂತಿದ್ದ ಕಮಿಲ್ಲೊ ಗಾವಿಯೊ ಎಂಬ ಹುಡುಗನ ಬಳಿಗೆ ತಾನಾಗಿಯೇ ಹೋಗಿ ಗೆಳೆಯನಾದನು.

ಒಬ್ಬನಿಂದಾಗದ ಕಾರ್ಯಕ್ಕೆ ಬಳಗ ಬೇಕೆಂದು ಅರಿತು, ಗೆಳೆಯರೊಡನೆ 1856ರ ಜೂನ್ 8ರಂದು ಅಮಲೋದ್ಭವ ಮಾತೆಯ ಸಂಘವನ್ನು ಆರಂಭಿಸಿದನು. ಸದಸ್ಯರು ವಾರಕ್ಕೊಮ್ಮೆ ಸೇರುತ್ತಿದ್ದರು. ಹೊಸಬರನ್ನೂ ದಾರಿ ತಪ್ಪುವವರನ್ನೂ ಹಂಚಿಕೊಂಡು, ಸದ್ದಿಲ್ಲದೆ ಸ್ನೇಹದಿಂದ ನೋಡಿಕೊಳ್ಳುತ್ತಿದ್ದರು.

ಒಂಬತ್ತೇ ತಿಂಗಳಲ್ಲಿ, 1857ರ ಮಾರ್ಚ್ 9ರಂದು, ಮೊಂದೋನಿಯೊದ ತನ್ನ ಮನೆಯಲ್ಲಿ ಸಾವಿಯೊ ದೈವಾಧೀನನಾದನು. ಬಿತ್ತಿದ ಬೀಜ ಸಾಯಲಿಲ್ಲ. 1859ರಲ್ಲಿ ಸಲೇಸಿಯನ್ ಸಭೆ ಹುಟ್ಟಿದಾಗ ಅದರ ಮೊದಲಿಗರಲ್ಲಿ ಹಲವರು ಈ ಸಂಘದವರೇ ಆಗಿದ್ದರು. 1954ರ ಜೂನ್ 12ರಂದು ಹನ್ನೆರಡನೆಯ ಪಿಯುಸ್ ಜಗದ್ಗುರುಗಳು ಅವನಿಗೆ ಸಂತ ಪದವಿಯನ್ನಿತ್ತರು.

ನಮ್ಮ ಶ್ರೀಗಂಧದ ಕಾವಲಿನಲ್ಲಿಯೂ ಬೇರೆ ಊರುಗಳಿಂದ ಬಂದು ನೆಲೆಸಿದ ಕುಟುಂಬಗಳ ಮಕ್ಕಳಿದ್ದಾರೆ. ಧರ್ಮೋಪದೇಶದ ತರಗತಿಯಲ್ಲಿ ಕೊನೆಯ ಸಾಲಿನಲ್ಲಿ ಮೌನವಾಗಿ ಕೂರುವ ಮಗುವಿಗೆ ಬೇಕಾದುದು ಮೊದಲು ಒಬ್ಬ ಅಣ್ಣ, ಒಬ್ಬಳು ಅಕ್ಕ. ದೃಢೀಕರಣ ಪಡೆದ ನಮ್ಮ ಯುವಜನರು ಪ್ರಥಮ ಪರಮಪ್ರಸಾದಕ್ಕೆ ಸಿದ್ಧರಾಗುವ ಒಂದೊಂದು ಮಗುವಿನ ಕೈಹಿಡಿಯಲಿ. ಹಿರಿಯರು ಡಾನ್ ಬಾಸ್ಕೊರವರಂತೆ ಅವರನ್ನು ನಂಬಿ ಹೊಣೆಯನ್ನೊಪ್ಪಿಸಲಿ. ತೇಯ್ದಾಗಲಲ್ಲವೇ ಗಂಧ ಪರಿಮಳಿಸುವುದು?

ಬಾಲಸಂತ ದೊಮಿನಿಕ್ ಸಾವಿಯೊ ನಮ್ಮ ಮಕ್ಕಳಿಗಾಗಿ ದೇವರಲ್ಲಿ ಪ್ರಾರ್ಥಿಸಲಿ.